ಹೆಲ್ಮೆಟ್ಟಿನ ಮೇಲೆ ಮೂರು ಬೆರಳು

ಇಂಟರ್‌ನ್ಯಾಷನಲ್ ಸಿಟಿ, ದುಬೈ
೧೨ ಫೆಬ್ರವರಿ ೨೦೧೬, ಶುಕ್ರವಾರ

ಪ್ರೀತಿಯ ರವೂಫ್,

ನೀನೂ ಜಮೀಲಕ್ಕನೂ ಸುಖವಾಗಿದ್ದೀರೆಂದು ನಂಬಿದ್ದೇನೆ. ಜಮೀಲಕ್ಕನ ಮಂಡಿಯ ಆಪರೇಷನ್ ಆಗಿ ಎರಡು ತಿಂಗಳಾಯಿತೆಂದು ಅನ್ಸಿಫ್ ಹೇಳಿದ. ಆಗಲೇ ಬರೆಯಬೇಕಿತ್ತು. ಮನೆಯಲ್ಲಿ ನನ್ನ ಜೋಸ್ಫಿನ್ ದಿನಾ ನೆನಪಿಸುತ್ತಿದ್ದಳು, ನಾನು ದಿನಾ ನಾಳೆ ಎನ್ನುತ್ತಿದ್ದೆ. ಕ್ಷಮಿಸು. ಫೋನಿನಲ್ಲಿ ಹೇಳಬಹುದಿತ್ತು, ಆದರೆ ನಿನ್ನ ಫೋನ್ ಯಾವಾಗಲೂ ಸ್ಪೀಕರಿನಲ್ಲಿರುತ್ತದೆ. ನಿನ್ನ ಅಂಗಡಿಗೆ ಸ್ಕೂಟರ್ ರಿಪೇರಿಗೆ ಬಂದ ಫರಂಗಿಪೇಟೆಯವರೆಲ್ಲ ಕಿವಿಗೊಡುತ್ತಾರೆ. ಇದು ಎಲ್ಲರೂ ಕೇಳುವ ವಿಷಯವಲ್ಲ. ಅಹ್ಮದ್ ಕುಂಞಿ ಸೋಮವಾರ ಊರಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಕಳಿಸುತ್ತೇನೆ. ಲಕೋಟೆಯ ಅಂಟಿನ ಮೇಲೆ ಅಡ್ಡಲಾಗಿ ಸಹಿ ಹಾಕಿದ್ದೇನೆ. ಸಹಿ ಮುರಿದಿದ್ದರೆ ಅವನು ಓದಿದ್ದಾನೆಂದು ತಿಳಿ. ಅವನು ಒಳ್ಳೆಯವನೇ. ಆದರೂ.

ವಿಷಯ ನಿನ್ನ ಮಗ ಅನ್ಸಿಫನದು. ಹೆದರಬೇಡ, ಆರೋಗ್ಯವಾಗಿದ್ದಾನೆ. ಅವನು ನಿನಗೆ ಹೇಳಿರಲಿಕ್ಕಿಲ್ಲ, ಅವನೀಗ ರೇಸ್ ಕಾರಿನ ಡ್ರೈವರ್. ಅಲ್ ಕೂಝ್‌ನ ನಮ್ಮ ವರ್ಕ್‌ಶಾಪಿನ ಯಜಮಾನ ಹಮದ್, ಅಬುಧಾಬಿಯ ಅರಬ್ಬಿ, ಮೂವತ್ತರ ಪ್ರಾಯ, ಕಾರಿನ ಹುಚ್ಚು. ಕಳೆದ ವರ್ಷ ಒಂದು ಪುಟ್ಟ ಕಾರು ಕೊಂಡ. ಸುತ್ತು ಹೊಡೆಯುವ ರೇಸಿನದಲ್ಲ. ಒಂದೇ ನೇರ ಗೆರೆಯಲ್ಲಿ ಎಷ್ಟು ವೇಗ ಹೋಗಬಹುದೆಂದು ಅಳೆಯುವ ಕಾರು. ಇನ್ನೂರೈವತ್ತು ಸಿ.ಸಿ.ಯ ಬೈಕ್ ಎಂಜಿನ್, ಬಂಗುಡೆಯ ಹಾಗೆ ಮೈ, ಎತ್ತರ ನನ್ನ ಸೊಂಟದಷ್ಟೂ ಇಲ್ಲ. ಡ್ರೈವರ್ ಕಾಲು ಮುಂದೆ ಚಾಚಿ ಹೆಚ್ಚುಕಡಿಮೆ ಮಲಗಿಕೊಂಡೇ ಓಡಿಸಬೇಕು. ಅಬುಧಾಬಿಯ ಪಶ್ಚಿಮಕ್ಕೆ ಮರಳಿನ ನಡುವೆ ಒಂದು ಹಳೆಯ ಏರ್‌ಸ್ಟ್ರಿಪ್ ಇದೆ. ಅಲ್ಲಿ ಮಾರ್ಚ್ ನಾಲ್ಕರಂದು ಗಂಟೆಗೆ ಇನ್ನೂರಿಪ್ಪತ್ತು ಕಿಲೋಮೀಟರ್ ದಾಟಿಸಬೇಕೆಂಬುದು ಹಮದನ ಹಟ.

ಆ ಕಾರನ್ನು ಮೊದಲು ಕಟ್ಟಿಸಿಕೊಂಡವನು ಐದು ಅಡಿ ಎರಡು ಇಂಚಿನ ಒಬ್ಬ ಫಿಲಿಪಿನೊ. ನಿನ್ನ ಮಗ ಆರು ಅಡಿ ಮೂರೂವರೆ. ಅವನು ಯಾರ ಹಾಗೆ ಬೆಳೆದನೋ, ನೀನಂತೂ ಕೌಂಟರಿನ ಹಿಂದೆ ನಿಂತರೆ ಕಾಣುವುದಿಲ್ಲ. ಆದರೆ ಆ ಎಂಜಿನನ್ನು ಪೂರ್ತಿ ಬಿಚ್ಚಿ ಮತ್ತೆ ಜೋಡಿಸಿದವನು ಅನ್ಸಿಫ್. ಅದರ ಉಸಿರು ಅವನಿಗೆ ಗೊತ್ತು. ಹಮದ್ ಅವನಿಗೇ ಸೀಟು ಎಂದು ಮಾತು ಕೊಟ್ಟ, ಒಂದು ಷರತ್ತಿನ ಮೇಲೆ: "ಕಾರಿನೊಳಗೆ ಅವನು ಹಿಡಿಸಿದರೆ ಅವನು. ಇಲ್ಲದಿದ್ದರೆ ಸ್ಟೇಸಿ." ಸ್ಟೇಸಿ ನಮ್ಮವಳೇ, ಮಂಗಳೂರಿನ ಕ್ಯಾಥೊಲಿಕರ ಮಗಳು, ಹುಟ್ಟಿದ್ದು ಬೆಳೆದದ್ದು ಇಲ್ಲೇ. ಅಲ್ ರೀಮ್ ಐಲ್ಯಾಂಡಿನ ಯಾವುದೋ ಆಫೀಸಿನಲ್ಲಿ ಕಟ್ಟಡಗಳ ನಕ್ಷೆ ಬರೆಯುತ್ತಾಳೆ. ಚಿಕ್ಕಂದಿನಿಂದ ಗೋ-ಕಾರ್ಟ್ ಓಡಿಸಿದವಳು. ಎತ್ತರ ಐದು ಅಡಿ ಮೂರು. ಆ ಕಾರು ಅವಳಿಗೆ ಹೊಲಿಸಿದ ಅಂಗಿಯ ಹಾಗೆ ಹಿಡಿಸುತ್ತದೆ.

ಹಿಡಿಸುವ ಕೆಲಸ ನನ್ನ ಪಾಲಿಗೆ ಬಂತು. ವರ್ಕ್‌ಶಾಪಿನ ಸಿಮೆಂಟ್ ನೆಲದ ಮೇಲೆ ಅನ್ಸಿಫನನ್ನು ಮಲಗಿಸಿ ಸುತ್ತಲೂ ಸೀಮೆಸುಣ್ಣದ ಗೆರೆ ಎಳೆದೆ. ಪಕ್ಕದಲ್ಲಿ ಕಾರಿನ ಒಳಗಿನ ಅಳತೆಯ ಗೆರೆ. ಕಾಲು ಒಂದು ಗೇಣು ಹೊರಗೆ. ಪೆಡಲುಗಳನ್ನು ಹನ್ನೊಂದು ಸೆಂಟಿಮೀಟರ್ ಮುಂದೆ ಸರಿಸಿದೆ. ಮಂಡಿ ತಾಗುತ್ತಿದ್ದ ಅಡ್ಡಪೈಪನ್ನು ಕತ್ತರಿಸಿ ಬಗ್ಗಿಸಿ ಮತ್ತೆ ಬೆಸೆದೆ. ಸೀಟನ್ನೇ ಕಿತ್ತು, ನೆಲದ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಫೋಮ್ ಸುರಿದು, ಅದು ಗಟ್ಟಿಯಾಗುವವರೆಗೆ ಅವನನ್ನು ಅದರ ಮೇಲೆ ಕೂರಿಸಿ ಅವನ ಬೆನ್ನಿನದೇ ಅಚ್ಚು ತೆಗೆದೆ. ಮೊದಲ ದಿನ ಅವನಿಗೆ ಹೊರಗೆ ಬರಲು ಮೂವತ್ತೊಂದು ಸೆಕೆಂಡ್ ಬೇಕಾಯಿತು. ಬೆಂಕಿ ಹತ್ತಿದರೆ ಅಷ್ಟು ಹೊತ್ತು ಯಾರು ಕಾಯುತ್ತಾರೆ? ಸ್ಟೀರಿಂಗನ್ನು ಕಳಚುವಂತೆ ಮಾಡಿದ ಮೇಲೆ ಹತ್ತಕ್ಕೆ ಇಳಿಯಿತು.

ಉಳಿದದ್ದು ತಲೆ. ಡ್ರೈವರನ ತಲೆಯ ಮೇಲೆ ಉಕ್ಕಿನ ಒಂದು ಕಮಾನು ಇರುತ್ತದೆ, ಕಾರು ಮಗುಚಿದರೆ ನೆಲಕ್ಕೆ ತಾಗುವುದು ಅದು, ತಲೆಯಲ್ಲ. ಹೆಲ್ಮೆಟ್ಟಿಗೂ ಆ ಕಮಾನಿಗೂ ನಡುವೆ ಮೂರು ಬೆರಳಿನ ಜಾಗ ಇರಲೇಬೇಕು. ಅಳೆದೆ. ಸರಿಯಾಗಿ ಮೂರು ಬೆರಳು. ಅನ್ಸಿಫ್ ಮಗುವಿನ ಹಾಗೆ ನಕ್ಕ. "ನೋಡಿದ್ರಾ ಅಂಕಲ್, ಹಿಡೀತು!" ಎಂದ.

ಆಮೇಲೆ ಶುರುವಾಯಿತು. ಎರಡು ವಾರದ ಹಿಂದೆ ನಿಧಾನಕ್ಕೆ ಓಡಿಸಿ ನೋಡಿದೆವು. ಮರುದಿನ ಕಮಾನಿನ ಮೆತ್ತೆಯ ಹತ್ತಿರ ಮೂಗು ಒಡ್ಡಿದರೆ ಬಣ್ಣ ಒರೆಸುವ ಥಿನ್ನರಿನ ವಾಸನೆ. ಯಾರೋ ಏನನ್ನೋ ಒರೆಸಿದ್ದಾರೆ. ಮೂಲೆಯಲ್ಲಿ ಸ್ವಲ್ಪ ನೀಲಿ ಉಳಿದಿತ್ತು. ಅನ್ಸಿಫನ ಹೆಲ್ಮೆಟ್ ನೀಲಿ. ಮೂರು ಬೆರಳಿನ ಜಾಗವಿದ್ದ ಮೇಲೆ ಅದು ಕಮಾನಿಗೆ ತಾಗಿದ್ದು ಹೇಗೆ, ಸೀಟನ್ನು ಯಾರೋ ಎತ್ತರಿಸಿದ್ದರೇ? ನಾನು ಯಾರಿಗೂ ಹೇಳಲಿಲ್ಲ. ಜೋಸ್ಫಿನಳ ಕೆಂಪು ನೇಲ್ ಪಾಲಿಶ್ ತಂದು, ಸೀಟಿನ ಮತ್ತು ಬೆಲ್ಟುಗಳ ಪ್ರತಿಯೊಂದು ಬೋಲ್ಟಿನ ಮೇಲೂ ನಟ್ಟಿನಿಂದ ಕಬ್ಬಿಣಕ್ಕೆ ಒಂದೊಂದು ಗೆರೆ ಎಳೆದೆ. ಯಾರಾದರೂ ತಿರುಗಿಸಿದರೆ ಗೆರೆ ಒಡೆಯುತ್ತದೆ.

ಇವತ್ತು ಬೆಳಗ್ಗೆ ಚರ್ಚಿನಲ್ಲಿ ಮಾಸ್ ಮುಗಿಸಿ ಹೋಗಿ ನೋಡಿದೆ. ಒಂದು ಗೆರೆ ಒಡೆದಿತ್ತು. ಬೆಲ್ಟಿನ ಐದನೇ ಪಟ್ಟಿಯದು. ಭುಜಕ್ಕೆ ಎರಡು, ಸೊಂಟಕ್ಕೆ ಎರಡು ಪಟ್ಟಿ, ಐದನೆಯದು ತೊಡೆಗಳ ನಡುವಿನಿಂದ ಬಂದು ಬಕ್ಕಲಿಗೆ ಸೇರುತ್ತದೆ. ಬ್ರೇಕ್ ಹಾಕಿದಾಗ ಮೈ ಸೊಂಟದ ಪಟ್ಟಿಯ ಅಡಿಯಿಂದ ಮುಂದೆ ಜಾರದ ಹಾಗೆ ಹಿಡಿಯುವುದು ಅದೊಂದೇ. ಬೋಲ್ಟ್ ಬಿಚ್ಚಿ ಅದನ್ನು ನಾಲ್ಕು ಬೆರಳು ಸಡಿಲಿಸಿದ್ದರು. ಆ ವೇಗದಲ್ಲಿ ಜಾರಿದರೆ ಸೊಂಟದ ಪಟ್ಟಿ ಹೊಟ್ಟೆಗೇರುತ್ತದೆ, ಕರುಳು ಉಳಿಯುವುದಿಲ್ಲ.

ವರ್ಕ್‌ಶಾಪಿನ ಕೀ ಇರುವುದು ನಾಲ್ಕು ಜನರಲ್ಲಿ: ಹಮದ್, ನಾನು, ಅನ್ಸಿಫ್, ಸ್ಟೇಸಿ. ನಿನ್ನೆ ಸಂಜೆ ಕಾರಿನ ಹತ್ತಿರ ಅವಳು ಬಗ್ಗಿ ನಿಂತದ್ದನ್ನು ನಾನೇ ನೋಡಿದ್ದೆ. ಅನ್ಸಿಫನ ಹತ್ತಿರ ಏನೋ ಹೇಳುತ್ತಿದ್ದವಳು ನನ್ನನ್ನು ಕಂಡು ಮಾತು ನಿಲ್ಲಿಸಿದ್ದಳು. ಅವನು ಹೋದರೆ ಸೀಟು ಯಾರಿಗೆ? ಮಧ್ಯಾಹ್ನ ಎಲ್ಲರೂ ಸೇರಿದ್ದಾಗ ಹಮದನ ಮುಂದೆ, ವರ್ಕ್‌ಶಾಪಿನ ಪೇಂಟರುಗಳ ಮುಂದೆ ಹೇಳಿಯೇಬಿಟ್ಟೆ, "ಇದು ಇವಳ ಕೆಲಸ" ಎಂದು.

ಅವಳು ಅನ್ಸಿಫನ ಮುಖ ನೋಡಿದಳು. ಅನ್ಸಿಫ್ ನೆಲ ನೋಡಿದ. "ಅಂಕಲ್, ಐ ಡಿಡಂಟ್ ಟಚ್ ಇಟ್," ಎಂದಳು, ಅಷ್ಟೇ. ಕೀಯನ್ನು ಬೆಂಚಿನ ಮೇಲಿಟ್ಟು ಹೊರಟುಹೋದಳು. ತಪ್ಪಿಲ್ಲದವರು ಹಾಗೆ ಸುಮ್ಮನೆ ಹೋಗುತ್ತಾರೆಯೇ, ನೀನೇ ಹೇಳು.

ಇನ್ನು ಹೆದರಿಕೆಯಿಲ್ಲ. ನಿನ್ನ ಮಗನ ಮೇಲೆ ನನ್ನ ಕಣ್ಣಿದೆ. ಜಮೀಲಕ್ಕನಿಗೆ ಸಲಾಂ ಹೇಳು, ಮೆಟ್ಟಿಲು ಹತ್ತಬಾರದೆಂದು ಹೇಳು.

ನಿನ್ನ
ವಿಕ್ಟರ್

ಮರೆತಿದ್ದೆ: ಕಾಗದದ ವಿಷಯ ಅನ್ಸಿಫ್‌ಗೆ ಹೇಳಬೇಡ. ಸ್ಟೇಸಿಯ ಮೇಲೆ ಅವನಿಗೆ ಏನೋ ಮೃದು ಇದ್ದ ಹಾಗಿದೆ. ಮಧ್ಯಾಹ್ನದಿಂದ ನನ್ನ ಹತ್ತಿರ ಸರಿಯಾಗಿ ಮಾತಾಡಿಲ್ಲ.


ಇಂಟರ್‌ನ್ಯಾಷನಲ್ ಸಿಟಿ, ದುಬೈ
೧೮ ಮಾರ್ಚ್ ೨೦೧೬, ಶುಕ್ರವಾರ

ಪ್ರೀತಿಯ ರವೂಫ್,

ನೀನು ಮೂರು ಸಲ ಫೋನ್ ಮಾಡಿದೆ, ನಾನು ಎತ್ತಲಿಲ್ಲ. ಜೋಸ್ಫಿನ್ ಎತ್ತಲು ಹೋದರೆ ಅವಳನ್ನೂ ತಡೆದೆ. ಕ್ಷಮಿಸು. ನಿನ್ನ ಮಗ ನಿನಗೆ ಏನು ಹೇಳಿದ್ದಾನೆಂದು ನನಗೆ ಗೊತ್ತು: ವಿಕ್ಟರಂಕಲ್ ಕಾರನ್ನು ಕತ್ತರಿಸಿ ಹಾಕಿದರು, ಹೊಟ್ಟೆಕಿಚ್ಚು, ಪ್ರಾಯವಾಯಿತು, ತಲೆ ನೆಟ್ಟಗಿಲ್ಲ. ಕತ್ತರಿಸಿದ್ದು ನಿಜ. ಉಳಿದದ್ದನ್ನು ಓದಿ ನೀನೇ ತೀರ್ಮಾನಿಸು.

ಸ್ಟೇಸಿ ಹೋದ ಮೇಲೆ ಐದನೇ ಪಟ್ಟಿಯನ್ನು ನಾನೇ ಬಿಗಿದು ಹೊಸ ಗೆರೆ ಎಳೆದಿದ್ದೆ. ಫೆಬ್ರವರಿ ಇಪ್ಪತ್ತಾರರಂದು ನೋಡಿದರೆ ಗೆರೆ ಮತ್ತೆ ಒಡೆದಿತ್ತು. ಸ್ಟೇಸಿಯ ಕೀ ನನ್ನ ಜೇಬಿನಲ್ಲಿದೆ. ಹಮದ್ ಆ ವಾರವಿಡೀ ಅಬುಧಾಬಿಯಲ್ಲೇ ಇದ್ದ, ದುಬೈಗೆ ಬಂದಿರಲಿಲ್ಲ. ಉಳಿದದ್ದು ಇಬ್ಬರು, ಅದರಲ್ಲಿ ಒಬ್ಬ ನಾನು.

ನೇರ ಕೇಳಿದರೆ ಇಲ್ಲ ಎನ್ನುತ್ತಾನೆ. ಮರುದಿನ ಬೆಳಗ್ಗೆ ಜೋಸ್ಫಿನ್ ಚಪಾತಿಗೆ ಕಲಸಿದ ಹಿಟ್ಟಿನಲ್ಲಿ ಒಂದು ಉಂಡೆ ಚೀಲದಲ್ಲಿ ಹಾಕಿಕೊಂಡು ಹೋದೆ. ಅನ್ಸಿಫನನ್ನು ಕಾರಿನಲ್ಲಿ ಕೂರಿಸಿದೆ, ಹೆಲ್ಮೆಟ್ ಹಾಕಿಸಿದೆ. ಐದೂ ಪಟ್ಟಿಗಳನ್ನು ನಾನೇ ಬಿಗಿದೆ, ಐದನೆಯದನ್ನು ಮಂಡಿ ಊರಿ ಎಳೆದು ಬಿಗಿದೆ. ಅವನು "ಅಂಕಲ್, ಸಾಕು" ಎಂದ. ನಾನು ಕೇಳಲಿಲ್ಲ. ಹಿಟ್ಟಿನ ಉಂಡೆಯನ್ನು ಹೆಲ್ಮೆಟ್ಟಿಗೂ ಕಮಾನಿಗೂ ನಡುವೆ ಇಟ್ಟು, "ಈಗ ದೊಡ್ಡದಾಗಿ ಉಸಿರು ತೆಗೆ, ಮತ್ತೆ ಬಿಡು. ಮೈ ಹಿಡಿದುಕೊಳ್ಳಬೇಡ," ಎಂದೆ.

ಹೊರತೆಗೆದಾಗ ಆ ಹಿಟ್ಟು ನಿಮ್ಮ ಮನೆಯ ಪತ್ತಿರಿ ರೊಟ್ಟಿಯಷ್ಟು ತೆಳ್ಳಗಾಗಿತ್ತು. ಮೂರು ಬೆರಳಲ್ಲ, ಅರ್ಧ ಬೆರಳೂ ಇಲ್ಲ.

ಅದನ್ನು ಅವನ ಮುಖದ ಮುಂದೆ ಹಿಡಿದೆ. "ಇದು ಎಂತ?"

ಅವನು ಪಟ್ಟಿ ಬಿಚ್ಚಿ, ಹೆಲ್ಮೆಟ್ ಕಳಚಿ ಕಾರಿನಿಂದ ಹೊರಗೆ ಬಂದ. ಆಮೇಲೆ, "ನಾನೇ ಅಂಕಲ್," ಎಂದ. "ಅಳತೆ ತೆಗೆಯುವ ದಿನ ಸೊಂಟ ಮುಂದೆ ಜಾರಿಸಿ, ಉಸಿರು ಬಿಟ್ಟು ಕೂತಿದ್ದೆ. ಟೆಸ್ಟಿನಲ್ಲಿ ನೀವು ಪಟ್ಟಿ ಬಿಗಿದಿರಲ್ಲ, ಮೈ ಮೇಲಕ್ಕೆ ಹೋಯ್ತು. ತಲೆ ಕಮಾನಿಗೆ ಹೊಡೀತು. ನೀಲಿ ಬಣ್ಣ ನಾನೇ ಒರೆಸಿದೆ. ಮತ್ತೆ ಪಟ್ಟಿ ಸಡಿಲ ಮಾಡಿದ್ರೆ ಮೊದಲಿನ ಹಾಗೆ ಕೆಳಗೆ ಕೂರ್ಬಹುದು ಅಂತ..."

"ಸಾಯ್ಲಿಕ್ಕೆ ಉಂಟಾ ನಿನಗೆ?"

"ಎರಡು ಕಿಲೋಮೀಟರ್ ಅಂಕಲ್. ಒಂದು ನಿಮಿಷವೂ ಇಲ್ಲ. ಎಂತ ಆಗ್ತದೆ ಒಂದು ನಿಮಿಷದಲ್ಲಿ? ಆ ಎಂಜಿನನ್ನು ನಾನು ಕಟ್ಟಿದ್ದು. ನಾನು ಹಿಡಿಸುದಿಲ್ಲ ಅಂತ ಗೊತ್ತಾದ್ರೆ ಹಮದ್ ಅವಳನ್ನು ಕೂರಿಸ್ತಾರೆ. ನಾನು ಪಕ್ಕದಲ್ಲಿ ನಿಂತು ಚಪ್ಪಾಳೆ ತಟ್ಟಬೇಕು."

"ಸ್ಟೇಸಿಗೆ ಗೊತ್ತಿತ್ತಾ?"

"ಅವಳು ನೋಡಿದ್ಳು. ಆ ಗುರುವಾರ ನೀವು ಬಂದಾಗ ಅದನ್ನೇ ಹೇಳ್ತಾ ಇದ್ದದ್ದು, 'ಅಂಕಲಿಗೆ ಹೇಳು, ಇಲ್ಲದಿದ್ದರೆ ನಾನೇ ಹೇಳ್ತೇನೆ' ಅಂತ. ಒಂದು ದಿನ ಟೈಮ್ ಕೊಡು, ನಾನೇ ಹೇಳ್ತೇನೆ ಅಂದಿದ್ದೆ."

ರವೂಫ್, ನಾನು ಎಲ್ಲರ ಮುಂದೆ ಆ ಹುಡುಗಿಯ ಮೇಲೆ ಹೊರಿಸಿದಾಗ ನಿನ್ನ ಮಗ ನೆಲ ನೋಡಿದ್ದು ಇದಕ್ಕೆ. ಅವನು ಸುಳ್ಳು ಹೇಳಿರಲಿಲ್ಲ, ಸುಮ್ಮನಿದ್ದ. ಹೊರಿಸಿದವನು ನಾನು.

ಕಮಾನನ್ನು ಎತ್ತರಿಸುವುದೊಂದೇ ದಾರಿ. ಹಮದನಿಗೆ ಫೋನ್ ಮಾಡಿದೆ. ಪಟ್ಟಿಯ ವಿಷಯ ಹೇಳಲಿಲ್ಲ, ಕಮಾನು ಏಳು ಸೆಂಟಿಮೀಟರ್ ಏರಬೇಕು ಎಂದಷ್ಟೇ ಹೇಳಿದೆ. "ಮಾಫಿ! ಆಗುವುದೇ ಇಲ್ಲ!" ಎಂದ. "ಏರಿಸಿದರೆ ಗಾಳಿ ತಡೆಯುತ್ತದೆ, ವೇಗ ಬರುವುದಿಲ್ಲ. ಇನ್ನು ಆರು ದಿನ ಇದೆ. ಈ ಶುಕ್ರವಾರ ಓಡಲೇಬೇಕು, ಖಲಾಸ್." ಅನ್ಸಿಫನ ಮುಖ ಅರಳಿತು. ನಾನು ಫೋನ್ ಇಟ್ಟೆ. ಹೀಗೆಯೇ ಬಿಟ್ಟರೆ ಶುಕ್ರವಾರ ಏನಾಗುತ್ತದೆಂದು ಯೋಚಿಸಿದೆ. ನಾನು ಬಿಗಿಯುತ್ತೇನೆ, ಬೆನ್ನು ತಿರುಗಿಸುತ್ತೇನೆ, ಅವನು ಸಡಿಲಿಸುತ್ತಾನೆ.

ಕಬ್ಬಿಣ ಕೊಯ್ಯುವ ಗ್ರೈಂಡರ್ ತೆಗೆದುಕೊಂಡೆ. ಅವನಿಗೆ ಅರ್ಥವಾಗುವ ಮೊದಲು ಕಮಾನಿನ ಬಲಗಾಲನ್ನು ಅರ್ಧ ಕೊಯ್ದಿದ್ದೆ. "ಅಂಕಲ್! ಅಂಕಲ್, ಬೇಡ!" ಎಂದು ಓಡಿಬಂದು ನನ್ನ ಮಣಿಕಟ್ಟು ಹಿಡಿದ. ಅವನ ಒಂದು ಕೈ ನನ್ನ ಎರಡು ಕೈಗಳಷ್ಟಿದೆ, ಬೇಕಿದ್ದರೆ ನನ್ನನ್ನು ಎತ್ತಿ ಬದಿಗಿಡಬಹುದಿತ್ತು. ಹಿಡಿದೇ ನಿಂತ. ಕಿಡಿ ಇಬ್ಬರ ಅಂಗಿಯ ಮೇಲೂ ಬೀಳುತ್ತಿತ್ತು. ಕೊನೆಗೆ ಕೈ ಬಿಟ್ಟು ಹೊರಗೆ ಹೋದ. ನಾನು ಎಡಗಾಲನ್ನೂ ಕೊಯ್ದೆ. ಕಮಾನು ನೆಲಕ್ಕೆ ಬಿದ್ದ ಸದ್ದಿಗೆ ಪಕ್ಕದ ಗ್ಯಾರೇಜಿನವರೂ ಬಂದು ಇಣುಕಿದರು.

ಹಮದ್ ಅಬುಧಾಬಿಯಿಂದ ಒಂದೂಕಾಲು ಗಂಟೆಯಲ್ಲಿ ಬಂದ. ಅರಬ್ಬಿಯಲ್ಲಿ ಏನೇನು ಬೈದನೋ, ಅರ್ಧ ಅರ್ಥವಾಯಿತು, ಅರ್ಧ ಆಗದ್ದು ಒಳ್ಳೆಯದಾಯಿತು. "ವೀಸಾ ಕ್ಯಾನ್ಸಲ್" ಎಂದ. ನಾನು ಎಲ್ಲವನ್ನೂ ಹೇಳಿದೆ, ಹಿಟ್ಟನ್ನೂ ತೋರಿಸಿದೆ. ಅವನು ನಂಬಲಿಲ್ಲ. ಅನ್ಸಿಫನನ್ನು ಕರೆದು "ಸಚ್ ಹೈ?" ಎಂದು ಕೇಳಿದ. ನಿನ್ನ ಮಗ ಈ ಸಲ ನೆಲ ನೋಡಲಿಲ್ಲ, ಹೌದು ಎಂದ. ಆ ಒಂದು ಮಾತಿಗೆ ನೀನು ಹೆಮ್ಮೆಪಡಬಹುದು. ಹಮದ್ ತನ್ನ ಕಾರು ಹತ್ತಿ ಹೊರಟುಹೋದ. ಮರುದಿನ ಬಂದು ರೇಸ್ ಕಾರಿನ ಸುತ್ತ ಎರಡು ಸುತ್ತು ಹಾಕಿ, "ಏಳು ಸಾಕಾ, ಎಂಟು ಬೇಕಾ?" ಎಂದು ಕೇಳಿದ.

ಹೊಸ ಕಮಾನು, ಅದಕ್ಕೆ ತಕ್ಕ ಹೊಸ ಮುಚ್ಚಳ, ಒಂದು ವಾರ ಮನೆಯ ಮುಖ ನೋಡಲಿಲ್ಲ. ಓಟ ಮಾರ್ಚ್ ಹನ್ನೊಂದಕ್ಕೆ ಹೋಯಿತು.

ಅದರ ನಡುವೆ ಒಂದು ದಿನ ಅಬುಧಾಬಿಯ ಬಸ್ಸು ಹತ್ತಿ ಅಲ್ ರೀಮ್ ಐಲ್ಯಾಂಡಿಗೆ ಹೋದೆ. ಸ್ಟೇಸಿ ಆಫೀಸಿನಿಂದ ಕೆಳಗೆ ಲಾಬಿಗೆ ಇಳಿದು ಬಂದಳು. ನಾನು ನಿಂತೇ ಹೇಳಿದೆ, ತಪ್ಪಾಯಿತು ಮಗಾ ಎಂದು. ಅವಳು ಕೇಳಿಸಿಕೊಂಡಳು. ಆಮೇಲೆ ಅವಳ ಒಡಕು ಕನ್ನಡದಲ್ಲಿ, "ಅಂಕಲ್, ಅವತ್ತು ಎಲ್ಲರ ಮುಂದೆ ಹೇಳಿದ್ರಿ. ಇವತ್ತು ನನಗೆ ಮಾತ್ರ ಹೇಳ್ತಿದ್ದೀರಿ. ಹೌ ಈಸ್ ದಟ್ ಸೇಮ್?" ಎಂದಳು. ಸಿಟ್ಟಿನಿಂದಲ್ಲ, ಲೆಕ್ಕ ಕೇಳುವ ಟೀಚರಿನ ಹಾಗೆ. ಹಿಂದಿರುಗುವ ಬಸ್ಸಿನಲ್ಲಿ ಅದನ್ನೇ ಯೋಚಿಸುತ್ತ ಬಂದೆ.

ಹನ್ನೊಂದರಂದು ಏರ್‌ಸ್ಟ್ರಿಪ್ಪಿನಲ್ಲಿ ಹಮದ್, ಅವನ ಗೆಳೆಯರು, ಪೇಂಟರುಗಳು, ಎಲ್ಲರೂ ಇದ್ದರು. ಹಮದ್ ಕರೆದದ್ದಕ್ಕೆ ಸ್ಟೇಸಿಯೂ ಬಂದಿದ್ದಳು. ಕಾರು ಇಳಿಸುವ ಮೊದಲು ನಾನು ಲಾರಿಯ ಹತ್ತಿರ ನಿಂತು ಜೋರಾಗಿ, ನನಗೆ ಬರುವ ಹಿಂದಿಯಲ್ಲಿ, ಈ ಹುಡುಗಿಯ ಮೇಲೆ ನಾನು ಸುಳ್ಳು ಹೊರಿಸಿದೆ ಎಂದೆ. ಸ್ಟೇಸಿ ತಲೆಯಾಡಿಸಿದಳು, ಹೋಗಿ ಅನ್ಸಿಫನ ಹೆಲ್ಮೆಟ್ ಹಿಡಿದುಕೊಂಡು ನಿಂತಳು. ಪಟ್ಟಿಗಳನ್ನು ಬಿಗಿದದ್ದೂ ಅವಳೇ. ನಾನು ಮೂರು ಬೆರಳು ತೂರಿಸಿ ನೋಡಿದೆ. ಸಲೀಸಾಗಿ ಹೋಯಿತು.

ಇನ್ನೂರ ಹದಿಮೂರು ಬಂತು. ಏಳು ಕಡಿಮೆ. ಇನ್ನೊಮ್ಮೆ ಓಡಿಸಿದ, ಇನ್ನೂರ ಹನ್ನೊಂದು. ಕಾರು ಅಲುಗಲಿಲ್ಲ, ಮಗುಚಲಿಲ್ಲ, ಅವನೇ ಒಂಬತ್ತು ಸೆಕೆಂಡಿನಲ್ಲಿ ಹೊರಗೆ ಬಂದ. ಏನೂ ಆಗಲಿಲ್ಲ ರವೂಫ್. ಏನೂ ಆಗದಿದ್ದಾಗ ಯಾರೂ ಥ್ಯಾಂಕ್ಸ್ ಹೇಳುವುದಿಲ್ಲ. ಹಳೆಯ ಕಮಾನಿನಲ್ಲೂ ಏನೂ ಆಗುತ್ತಿರಲಿಲ್ಲವೇನೋ, ಇನ್ನೂರಿಪ್ಪತ್ತು ಬರುತ್ತಿತ್ತೇನೋ. ಅವನು ಹಾಗೆಂದೇ ನಂಬಿದ್ದಾನೆ. ನನ್ನ ಹತ್ತಿರ ಬರಲಿಲ್ಲ, ದೂರ ನಿಂತು ನಿನಗೆ ಫೋನ್ ಮಾಡಿದ. ನಿನ್ನ ಮಗನಿಗೆ ನನ್ನ ಮೇಲೆ ಸಿಟ್ಟಿರಲಿ. ಸಿಟ್ಟು ಮಾಡಲು ಅವನು ಇದ್ದಾನಲ್ಲ, ನನಗೆ ಅಷ್ಟು ಸಾಕು.

ಮುಂದಿನ ವಾರ ನಮ್ಮ ಗುಡ್ ಫ್ರೈಡೆ. ಜೋಸ್ಫಿನ್ ಜಮೀಲಕ್ಕನ ಮಂಡಿಗೆಂದು ಚರ್ಚಿನಲ್ಲಿ ಪ್ರಾರ್ಥನೆ ಬರೆಸಿದ್ದಾಳೆ. ನಿನ್ನ ಮನೆಯ ಮೇಲೆ ದೇವರ ಕೈ ಇರಲಿ, ನಿನ್ನ ಅಂಗಡಿಯ ಬಾಗಿಲು ದಿನಾ ತೆರೆಯಲಿ.

ನಿನ್ನ
ವಿಕ್ಟರ್

ಇನ್ನೊಂದು ವಿಷಯ. ಇದನ್ನು ಬರೆಯಲು ಆಗದೆಯೇ ನಿನ್ನ ಫೋನ್ ಎತ್ತಲಿಲ್ಲ. ೨೦೦೩ರಲ್ಲಿ ನಾವಿಬ್ಬರೂ ಕೆಲಸಕ್ಕಿದ್ದ ಶಾರ್ಜಾದ ಗ್ಯಾರೇಜಿನಲ್ಲಿ ಗಾಡಿ ಎತ್ತುವ ಲಿಫ್ಟಿನಿಂದ ವ್ಯಾನ್ ಜಾರಿ ಆ ಪೇಂಟರನ ಕಾಲು ಹೋಯಿತಲ್ಲ, ಅವತ್ತು ಮ್ಯಾನೇಜರ್ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಕೇಳಿದ. ನೀನು ಪೇಂಟರನ ಜೊತೆ ಆಸ್ಪತ್ರೆಗೆ ಹೋಗಿದ್ದೆ. ಲಿಫ್ಟಿನ ಲಾಕ್ ಹಾಕದೆ ಬಿಟ್ಟದ್ದು ರವೂಫ್ ಇರಬೇಕು ಎಂದೆ ನಾನು. ನಾನು ನೋಡಿರಲಿಲ್ಲ, ಹಾಗೆ ಅನಿಸಿತ್ತು ಅಷ್ಟೇ. ಮ್ಯಾನೇಜರ್ 'ಇರಬೇಕು' ಎಂಬುದನ್ನು ಬಿಟ್ಟು ಬರೆದುಕೊಂಡ. ನಾನು ತಿದ್ದಲಿಲ್ಲ, ಸಹಿ ಹಾಕಿದೆ. ನಾಲ್ಕು ದಿನದಲ್ಲಿ ನಿನ್ನನ್ನು ಕೆಲಸದಿಂದ ತೆಗೆದು ಊರಿಗೆ ಕಳಿಸಿಬಿಟ್ಟರು. ಲಾಕಿನ ಸ್ಪ್ರಿಂಗೇ ತುಂಡಾಗಿತ್ತೆಂದು ಎರಡು ತಿಂಗಳ ಮೇಲೆ ಲಿಫ್ಟ್ ಬಿಚ್ಚಿದಾಗ ನಾನೇ ಕಂಡೆ. ಆಗಲೂ ಯಾರಿಗೂ ಹೇಳಲಿಲ್ಲ. ಅವತ್ತು ಸಾಲಿನಲ್ಲಿದ್ದವರಲ್ಲಿ ಮೂವರು ಇನ್ನೂ ಇಲ್ಲೇ ಇದ್ದಾರೆ. ಅವರನ್ನು ಸೇರಿಸಿ, ಅನ್ಸಿಫನನ್ನೂ ಕೂರಿಸಿ ಹೇಳುತ್ತೇನೆ; ಅದಕ್ಕೆ ಮೊದಲು ನಿನಗೆ ಹೇಳಬೇಕಿತ್ತು. ಏರ್‌ಪೋರ್ಟಿನ ಬಾಗಿಲಲ್ಲಿ ನೀನು ನನ್ನ ಕೈ ಹಿಡಿದು, "ನನ್ನ ಹೆಸರು ಯಾರು ಹೇಳಿದ್ದು ವಿಕ್ಟರ್?" ಎಂದು ಕೇಳಿದೆ. ಗೊತ್ತಿಲ್ಲ ಮಾರಾಯ ಎಂದೆ. ಗೊತ್ತಿತ್ತು.